ತೊಳೆದ ಬಾಟಲಿಗಳು

ಮೂರನೆಯ ಬಾಟಲಿಯನ್ನು ನಲ್ಲಿಯ ಕೆಳಗೆ ಹಿಡಿದು ತಿಕ್ಕುತ್ತಿದ್ದೆ. ಹಿಂದಿನಿಂದ ನರ್ಸ್ ಪ್ರೇಮಾಬಾಯಿ ಚೀರಿದರು.

"ಅಗ ಬಾಯಿ! ಎಲ್ಲಾ ಚೆಲ್ಲಿದ್ರಾ?"

"ಹೂಂರಿ. ನಮ್ಮನಿಯವರು ಮಂಚದ ಮ್ಯಾಲೇ ಲಿಂಗಪೂಜಾ ಮಾಡ್ಕೊತಾರ. ಕೆಳಗ ಮೂತ್ರದ ಬಾಟ್ಲಿ ಇಡೋದು ಹ್ಯಾಂಗ್ರಿ?"

"ಡಾಕ್ಟರಿಗೆ ನೀವೇ ಹೇಳ್ರಿ ಈಗ!"

ಅದು ೧೯೬೮. ನನ್ನ ಗಂಡ ವಿಶ್ವನಾಥಪ್ಪ ನಾಸಿಕ್ ಜಿಲ್ಲೆಯ ಮನ್ಮಾಡಿನ ರೈಲ್ವೆ ಗೂಡ್ಸ್ ಶೆಡ್ಡಿನಲ್ಲಿ ಗುಮಾಸ್ತರು. ಹಿಂದಿನ ದಿನ ವ್ಯಾಗನ್ನಿನಿಂದ ಈರುಳ್ಳಿ ಮೂಟೆ ಉರುಳಿ ಅವರ ಎಡಪಕ್ಕೆಗೆ ಬಡಿದಿತ್ತು. ಹೊರಗೆ ಗಾಯವಿಲ್ಲ, ಮೂತ್ರದಲ್ಲಿ ರಕ್ತ. ಔರಂಗಾಬಾದಿನ ಆಸ್ಪತ್ರೆಗೆ ತಂದಿದ್ದೆವು. ಒಡೆದ ಮೂತ್ರಪಿಂಡ ಎಷ್ಟೋ ಸಲ ತಾನೇ ಮಾಯುತ್ತದೆ, ಕೆಂಪು ತಿಳಿಯಾಗುತ್ತದೋ ನೋಡೋಣ ಎಂದು ಡಾಕ್ಟರ್ ಸದಾನಂದ ಪ್ರತಿ ಸಲದ ಮೂತ್ರವನ್ನೂ ಬಾಟಲಿಗಳಲ್ಲಿ ಸಾಲಾಗಿ ಇಡಿಸಿದ್ದರು.

ಡಾಕ್ಟರು ನಮ್ಮ ಕಲಬುರ್ಗಿ ಕಡೆಯವರೇ. ಬೈಯಲಿಲ್ಲ.

"ಬಣ್ಣ ನೀವು ನೋಡೀರಿ. ಹೇಳ್ರಿ ತಾಯಿ. ಅಂದಾಜು ಬ್ಯಾಡ."

ತಿಳಿಯಾಗಿತ್ತು ಎಂದರೆ ಕೊಯ್ಯುವುದು ತಪ್ಪುತ್ತಿತ್ತು. ಆ ಮಾತು ನಾಲಿಗೆಯ ತುದಿಗೂ ಬಂದಿತ್ತು.

"ಮೊದಲನೇದು ಕುಂಕುಮದ ನೀರಿನಂಗ. ಎರಡನೇದು ಕರೀ ಚಹಾ. ಮೂರನೇದು... ಮತ್ತ ಕೆಂಪು. ತಳದಾಗ ಹೆಪ್ಪು ಇತ್ರಿ."

ಡಾಕ್ಟರು ನನ್ನ ಗಂಡನ ನಾಡಿ ಹಿಡಿದರು. ಪಕ್ಕೆ ಒತ್ತಿ ನೋಡಿದರು. ಬಾವು ಬೆಳೆದಿತ್ತು.

"ಥಿಯೇಟರ್ ತಯಾರ್ ಮಾಡ್ರಿ."

ಸ್ಟ್ರೆಚರಿನ ಮೇಲಿಂದ ಇವರು ನನ್ನ ಸೆರಗು ಹಿಡಿದರು. "ಅವ್ವಗ ಕಾಗದ ಬರೀಬ್ಯಾಡ. ನಾ ಎದ್ದು ಕೂತಮ್ಯಾಲ ಬರಿ. ನಿನ್ನ ರಾತ್ರಿಶಾಲೆ ಅಕ್ಷರ ನೋಡಿದ್ರ ಇನ್ನೂ ಹೆದರ್ತಾಳ."

ದೀಪಾವಳಿಗೆ ಬಂದಿದ್ದ ಅತ್ತೆಯ ಕಾಗದಕ್ಕೆ ನಾವು ಇನ್ನೂ ಉತ್ತರ ಕೊಟ್ಟಿರಲಿಲ್ಲ. ವಿಳಾಸ ಮಾತ್ರ ಬರೆದ ಇನ್‌ಲ್ಯಾಂಡ್ ನನ್ನ ಚೀಲದಲ್ಲಿತ್ತು. ಬಾಗಿಲ ಹೊರಗೆ ಅದನ್ನೇ ಮಡಚುತ್ತ, ಬಿಚ್ಚುತ್ತ ಕೂತೆ. ಎರಡೂವರೆ ತಾಸು.

ಡಾಕ್ಟರು ಬಂದರು. "ಕೆಳಗಿನ ತುಣುಕು ಪುಡಿಯಾಗಿತ್ತು, ತೆಗೆದೆ. ಉಳಿದದ್ದು ಹೊಲಿದೀನಿ. ಸಂಜೀತನಕ ಕಾದಿದ್ರ ಮನುಷ್ಯನೇ ಹೋಗ್ತಿದ್ದ."

ಆಮೇಲೆ ನಾನೇ ಬಾಟಲಿಗಳನ್ನು ಸಾಲಾಗಿ ಇಟ್ಟೆ. ಪೂಜೆಯ ಹೊತ್ತಿಗೆ ಮೇಲೊಂದು ಬಟ್ಟೆ ಹೊದಿಸುತ್ತಿದ್ದೆ, ಅಷ್ಟೇ. ಒಂಬತ್ತನೆಯ ದಿನದ ಬಾಟಲಿ ನೀರಿನಂತಿತ್ತು. ಪ್ರೇಮಾಬಾಯಿ ಅದನ್ನು ಬೆಳಕಿಗೆ ಹಿಡಿದು, "ಇದನ್ನ ತೊಳೀಬ್ಯಾಡ್ರಿ ಮತ್ತ!" ಎಂದು ನಕ್ಕರು.

ಮನ್ಮಾಡಿನ ಮನೆಗೆ ಮರಳಿದ ಮೇಲೆ ಇವರು ಗೋಡೆಗೆ ಒರಗಿ ಎದ್ದು ಕೂತರು. ನಾನು ಇನ್‌ಲ್ಯಾಂಡ್ ಬಿಚ್ಚಿದೆ. ಮೂಟೆ ಬಿದ್ದದ್ದು, ಕೊಯ್ದದ್ದು ಬರೆದೆ. ಬಾಟಲಿ ತೊಳೆದದ್ದನ್ನೂ ಬರೆದೆ.

"ಅದು ಯಾಕ? ಅವ್ವ ಬೈತಾಳ," ಎಂದರು.

"ಬೈಲಿ," ಎಂದು ಅಂಟು ಹಚ್ಚಿ, ಬೀದಿ ಮೂಲೆಯ ಅಂಚೆ ಡಬ್ಬಿಗೆ ಹಾಕಿ ಬಂದೆ.