ಎರಡನೇ ಧ್ವನಿ

“ಕಣ್ಣು ಮುಚ್ಚಿ ಕೂತ್ಕೊಳ್ಲಿಕ್ಕೆ ನಿನಗೆ ಸಂಬಳ ಕೊಡುದಾ, ಬೇವರ್ಸಿ?”

ಮ್ಯಾನೇಜರ್ ಸುಜಿತ್ ಬೆನ್ನ ಹಿಂದೆ ಬಂದು ನಿಂತದ್ದು ಯಶ್ಮಿತಾಳಿಗೆ ಗೊತ್ತೇ ಆಗಿರಲಿಲ್ಲ. ಅವನು ಕುರ್ಚಿಯ ಬೆನ್ನು ಹಿಡಿದು ಜಗ್ಗಿದ ರಭಸಕ್ಕೆ ಅವಳ ಮೊಣಕೈ ಟೇಬಲ್ಲಿನ ಅಂಚಿಗೆ ಬಡಿಯಿತು.

“ತಪ್ಪಾಯ್ತು ಸರ್.”

“ತಪ್ಪಾಯ್ತು ಅಲ್ಲ. ಹಿಂದೆ ಹೋಗು. ಮೊದಲಿಂದ ನೋಡು. ನಾನು ಇಲ್ಲೇ ನಿಂತಿರ್ತೇನೆ.”

ಪರದೆಯ ಮೇಲೆ ಒಬ್ಬ ಗಂಡಸು ಒಂದು ಮಗುವನ್ನು ಕಾಲು ಹಿಡಿದು ಮೇಲೆತ್ತಿದ್ದ. ಮುಂದೇನಾಗುತ್ತದೆಂದು ಅವಳಿಗೆ ಗೊತ್ತಿತ್ತು. ಇಂಥವನ್ನು ದಿನಾ ನೋಡುತ್ತಿದ್ದಳು. ಗೊತ್ತಿದ್ದುದರಿಂದಲೇ ರೆಪ್ಪೆ ತಾನಾಗಿ ಮುಚ್ಚಿಕೊಂಡಿತ್ತು. ಮಾನಿಟರಿನ ನೆತ್ತಿಯ ಮೇಲಿನ ಪುಟ್ಟ ಕ್ಯಾಮೆರಾ ಅದನ್ನು ಹಿಡಿದು ಸುಜಿತನ ಟೇಬಲ್ಲಿಗೆ ಸುದ್ದಿ ಮುಟ್ಟಿಸಿತ್ತು. ಈಗ ಅವಳು ಮೊದಲಿಂದ ನೋಡಿದಳು. ನೋಡಿ, ‘ಹಿಂಸೆ’ ಎಂಬ ಗುಂಡಿ ಒತ್ತಿದಳು. ‘ಮಗು’ ಎಂಬ ಗುಂಡಿ ಒತ್ತಿದಳು.

“ನಿನ್ನಜ್ಜ ಲೋಕಯ್ಯ ನಮ್ಮ ಗುತ್ತಿನ ಮನೆಯ ಗದ್ದೆಯಲ್ಲಿ ಬಗ್ಗಿದ ಸೊಂಟ ಎತ್ತದೆ ದುಡಿದವ,” ಎಂದ ಸುಜಿತ್, ಇಡೀ ಹಾಲಿಗೆ ಕೇಳುವ ಹಾಗೆ. “ನಿನಗೆ ಎಸಿಯಲ್ಲಿ ಕೂತು ವಿಡಿಯೋ ನೋಡ್ಲಿಕ್ಕೂ ಆಗುದಿಲ್ಲ. ಎಂತ ಜನ ಮಾರಾಯ ನೀವು!”

ಯಾರೂ ತಿರುಗಿ ನೋಡಲಿಲ್ಲ. ತಿರುಗಿದರೆ ಅವರವರ ಕ್ಯಾಮೆರಾ ಕೂಗುತ್ತಿತ್ತು.

ದೇರೆಬೈಲಿನ ಆ ಕಟ್ಟಡದಲ್ಲಿ ಕೆಳಗೆ ಟೈಲ್ಸ್ ಅಂಗಡಿ, ಮೇಲೆ ಬೋರ್ಡಿಲ್ಲದ ಆಫೀಸು. ಸೇರುವಾಗ ಡೇಟಾ ಎಂಟ್ರಿ ಎಂದಿದ್ದರು. ಎಲ್ಲೆಲ್ಲಿಯದೋ ದೇಶಗಳ ಜನ ಇಂಟರ್ನೆಟ್ಟಿಗೆ ಹಾಕುವ ಕೊಲೆ, ಬಡಿತ, ಬೆತ್ತಲೆ, ನೇಣು ಎಲ್ಲ ಇಲ್ಲಿಗೆ ಬರುತ್ತಿತ್ತು. ಯಾವುದು ಎಂಥದ್ದು ಎಂದು ಕಂಪ್ಯೂಟರಿಗೆ ತಾನಾಗಿ ತಿಳಿಯುವುದಿಲ್ಲ, ಮನುಷ್ಯರು ನೋಡಿ ಗುರುತು ಹಾಕಿ ಕಲಿಸಬೇಕು. ಹಾಗೆ ನೋಡುವವರಲ್ಲಿ ಹೆಚ್ಚಿನವರು ಊರಿನ ಹುಡುಗಿಯರೇ. ಮನೆಯಲ್ಲಿ ಕೂಡ ಬಾಯಿ ಬಿಡುವುದಿಲ್ಲವೆಂದು ಸಹಿ ಹಾಕಿಸಿಕೊಂಡಿದ್ದರು. ಆಮೇಲೆ ಯಶ್ಮಿತಾ, ಅಮ್ಮ ದೇಯಿ ಅಂಗಳದಲ್ಲಿ ಕೂತು ಬಂಗುಡೆ ಮೀನು ಸೀಳುವಾಗ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದಳು. “ಎಂತ ಮಗಾ ನಿನಗೆ?” ಎಂದರೆ “ತಲೆನೋವು” ಎನ್ನುತ್ತಿದ್ದಳು.

ಪಕ್ಕದ ಕುರ್ಚಿ ನಿರೀಕ್ಷಾಳದ್ದು. ಅವಳ ಗಂಡ ದೀಪೇಶ್ ದುಬೈಯಲ್ಲಿ ಕೆಲಸ ಕಳಕೊಂಡು, ಇನ್ನೊಂದು ಸಿಕ್ಕದೆ ಯಾರದೋ ರೂಮಿನಲ್ಲಿ ಬಿದ್ದುಕೊಂಡಿದ್ದ. ಅವಳು ಬಸುರಿ. ಅದು ಆಫೀಸಿನಲ್ಲಿ ಯಶ್ಮಿತಾಳಿಗೆ ಮಾತ್ರ ಗೊತ್ತಿತ್ತು. ಹೋದ ವರ್ಷ ಒಬ್ಬಳು ಹೀಗೇ ಹೊಟ್ಟೆ ಕಾಣುವ ಹಾಗೆ ಬಂದಾಗ ಸುಜಿತ್, “ವಾಂತಿ ಮಾಡುವವರಿಗೆ ಇಲ್ಲಿ ಕೆಲಸ ಇಲ್ಲ” ಎಂದು ಮೆಟ್ಟಿಲಿಂದಲೇ ತಿರುಗಿ ಕಳಿಸಿದ್ದ. ನಿರೀಕ್ಷಾ ತನ್ನ ಅಕ್ಕನ ದೊಗಲೆ ಚೂಡಿದಾರ ಹಾಕಿಕೊಂಡು ಬರುತ್ತಿದ್ದಳು. ಮಕ್ಕಳ ವಿಡಿಯೋ ಬಂದಾಗ ಟೇಬಲ್ಲಿನ ಅಡಿಯಲ್ಲಿ ಎಡಗೈಯಿಂದ ಹೊಟ್ಟೆ ಮುಚ್ಚಿಕೊಳ್ಳುತ್ತಿದ್ದಳು, ಒಳಗಿದ್ದದ್ದಕ್ಕೂ ಕಾಣಿಸೀತು ಎಂಬಂತೆ.

ಸಂಚಿತಾ ಬಂದದ್ದು ಆ ಹೊತ್ತಿಗೆ. ಕಂಪನಿಯ ಧಣಿ ಗುಣಪಾಲರ ಮಗಳು ಅವಳು. ಸುಜಿತನಿಗೆ ಸೋದರಮಾವನ ಮಗಳು. ಹೊರದೇಶದಲ್ಲಿ ಓದುತ್ತಿದ್ದಳು, ಕಂಪ್ಯೂಟರ್ ಲೋಕದ ನೀತಿ ಅನೀತಿಯ ಬಗ್ಗೆ ರಿಸರ್ಚ್ ಮಾಡುತ್ತಿದ್ದಳು. ಅಪ್ಪನ ಜೊತೆ ಹಾಲ್ ಸುತ್ತಿ, ನಕ್ಕು, ಹೋಗುವ ಮೊದಲು ಹೆಂಗಸರ ಟಾಯ್ಲೆಟ್ಟಿನಲ್ಲಿ ಕೈ ತೊಳೆಯುತ್ತ, ಅಲ್ಲಿದ್ದ ಯಶ್ಮಿತಾ, ನಿರೀಕ್ಷಾ ಇಬ್ಬರಿಗೂ ಮೆಲ್ಲನೆ ಹೇಳಿದಳು: “ಭಾನುವಾರ ಕದ್ರಿ ಪಾರ್ಕಿಗೆ ಬರ್ತೀರಾ? ಸುಮ್ಮನೆ ಮಾತಾಡ್ಲಿಕ್ಕೆ. ಅಪ್ಪನಿಗೆ ಗೊತ್ತಾಗುದಿಲ್ಲ.”

ಹೋಗುವುದು ಬೇಡವೆಂದೇ ಯಶ್ಮಿತಾ ಅಂದುಕೊಂಡಿದ್ದಳು. “ಒಬ್ಬರ ಹತ್ರ ಆದ್ರೂ ಹೇಳ್ಬೇಕು ಮಾರಾಯ್ತಿ, ಇಲ್ಲದಿದ್ರೆ ನನಗೆ ಹುಚ್ಚು ಹಿಡೀತದೆ,” ಎಂದು ನಿರೀಕ್ಷಾ ಕೈ ಹಿಡಿದು ಎಳೆದಳು.

ಬೆಂಚಿನ ಮೇಲೆ ಸಂಚಿತಾ ಫೋನಿಟ್ಟು ರೆಕಾರ್ಡ್ ಒತ್ತಿದಳು. “ಮೇಡಂ ಬೇಡ, ಅಕ್ಕ ಅಂತ ಕರೀರಿ. ಹೆಸರು ಎಲ್ಲಿಯೂ ಬರುದಿಲ್ಲ. ಪ್ರಾಮಿಸ್.”

ಯಶ್ಮಿತಾ ಅಳೆದು ತೂಗಿ ಹೇಳಿದಳು. ನಿರೀಕ್ಷಾ ಶಾಲಿನಿಂದ ಬಾಯಿ ಮುಚ್ಚಿಕೊಂಡೇ ಮಾತಾಡಿದಳು. ಅರ್ಧ ತುಳು, ಅರ್ಧ ಅಳು. ಸಂಚಿತಾಳ ಕಣ್ಣಲ್ಲೂ ನೀರು ಬಂತು. ಅದು ಸುಳ್ಳು ಅಳುವಾಗಿರಲಿಲ್ಲ. ಎದ್ದು ಹೋಗುವಾಗ ಇಬ್ಬರನ್ನೂ ಅಪ್ಪಿಕೊಂಡಳು.

ಆಮೇಲೆ ಕೆಲವು ದಿನ ಏನೂ ಆಗಲಿಲ್ಲ. ಒಂದು ಬೆಳಿಗ್ಗೆ ಸುಜಿತ್ ಯಶ್ಮಿತಾಳ ಬಳಿ ಬಂದು ಹೆಡ್‌ಫೋನನ್ನು ಅವಳ ಮಡಿಲಿಗೆ ಎಸೆದ.

“ಇವತ್ತು ನಿನಗೆ ವಿಡಿಯೋ ಇಲ್ಲ. ಟೈಪಿಂಗ್. ಸಂಚಿತಾ ಕಳಿಸಿದ್ದು. ತುಳು ಮಿಕ್ಸ್ ಉಂಟಂತೆ, ಸಾಫ್ಟ್‌ವೇರಿಗೆ ತಿಳಿಯುದಿಲ್ಲ. ನಮ್ಮವರಲ್ಲಿ ಯಾರಾದ್ರೂ ಬರೆದು ಕೊಡ್ಲಿ ಅಂದ್ಳು. ಒಂದು ಕೆಮ್ಮೂ ಬಿಡ್ಬಾರ್ದಂತೆ. ಬರೆದ ಹಾಗೆ ಅವಳಿಗೆ ಅಲ್ಲಿ ಕಾಣ್ತದಂತೆ. ಯಾರು ಮಾತಾಡುದು ಅಂತ ಪ್ರತಿ ಸಾಲಿನ ಮೊದಲು ಬರೀಬೇಕು. ಹಾಕು ಕಿವಿಗೆ.”

ಹೆಡ್‌ಫೋನಿನಲ್ಲಿ ಮೊದಲು ಕಾಗೆ ಕೂಗಿತು. ಆಮೇಲೆ ಅವಳದೇ ಧ್ವನಿ.

ಪಾರ್ಕಿನ ಬೆಂಚಿನಲ್ಲಿ ಯಶ್ಮಿತಾ ಹೇಳಿದ್ದ ಮಾತುಗಳೇ ಅವು. ತನ್ನ ಧ್ವನಿ ಇಷ್ಟು ತೆಳು ಎಂದು ಅವಳಿಗೆ ಗೊತ್ತಿರಲಿಲ್ಲ. ಸಂಚಿತಾ ಮಾತು ತಪ್ಪಿರಲಿಲ್ಲ, ಫೈಲಿನಲ್ಲಿ ಎಲ್ಲಿಯೂ ಹೆಸರಿರಲಿಲ್ಲ. ಅಪ್ಪನ ಕಂಪನಿಯೆಂದು, ಬಾವ ಮನೆಯ ಜನವೆಂದು, ಹೆಸರಿಲ್ಲದಿದ್ದರೆ ಸಾಕೆಂದು ಕಳಿಸಿಬಿಟ್ಟಿದ್ದಳು.

“ಬರಿ,” ಎಂದ ಸುಜಿತ್. ಅವನು ಪೂರ್ತಿ ಕೇಳಿಯೇ ಬಂದಿದ್ದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ಅದೇ ಅವಳನ್ನು ಹೆಚ್ಚು ಹೆದರಿಸಿತು. “ಮೊದಲನೆಯದ್ದು ಯಾರು?”

“ನಾನು ಸರ್.”

“ಹೆಸರು ಹಾಕು.”

ಅವಳು ‘ಯಶ್ಮಿತಾ’ ಎಂದು ಟೈಪಿಸಿದಳು. ತಾನು ಹೇಳಿದ್ದನ್ನೆಲ್ಲ ತಾನೇ ಕೇಳಿ ತಾನೇ ಬರೆದಳು. ಸುಜಿತ್ ಕುರ್ಚಿಯ ಹಿಂದೆ ನಿಂತು ಸಾಲು ಸಾಲಾಗಿ ಜೋರಾಗಿ ಓದಿದ. “‘ಮೀನು ತಿನ್ಲಿಕ್ಕೆ ಆಗುದಿಲ್ಲ ಅಕ್ಕ.’ ಅಯ್ಯೋ ಪಾಪ! ‘ಮೂತ್ರಕ್ಕೆ ಹೋಗ್ಲಿಕ್ಕೂ ಬಿಡುದಿಲ್ಲ.’ ಹೌದಾ? ಚೆಂದ ಉಂಟು, ಬರಿ.” ಹಾಲಿನಲ್ಲಿ ಕೀಬೋರ್ಡುಗಳ ಸದ್ದು ಒಂದೊಂದಾಗಿ ನಿಲ್ಲುತ್ತ ಬಂತು.

ಆಗ ಎರಡನೇ ಧ್ವನಿ ಬಂತು. ಶಾಲಿನೊಳಗಿಂದ ಬಂದ ಒಡಕು ಪಿಸುಮಾತು. *ಎಂಕ್ ಪೋಡಿಗೆ ಆಪುಂಡು ಅಕ್ಕ. ನನಗೆ ಹೆದರಿಕೆ ಆಗ್ತದೆ. ನಾನು ಬಸುರಿ. ಇವರಿಗೆ ಗೊತ್ತಾದ್ರೆ ಓಡಿಸ್ತಾರೆ.*

“ಇದು ಯಾರು?” ಎಂದ ಸುಜಿತ್. ಎರಡು ಪಾಳಿಯ ಅಷ್ಟು ಹುಡುಗಿಯರಲ್ಲಿ ಆ ಪಿಸುಮಾತು ಯಾರದ್ದೆಂದು ಅವನಿಗೆ ಹೊಳೆದಿರಲಿಲ್ಲ. ಬಗ್ಗಿ ಅವಳ ಕಿವಿಯ ಹತ್ತಿರ ಹೇಳಿದ: “ಈ ಹೆಸರು ಹಾಕಿದ್ರೆ ನಿನ್ನದು ಮಾಫಿ. ನಾಳೆಯೂ ಬಂದು ಇದೇ ಕುರ್ಚಿಯಲ್ಲಿ ಕೂತ್ಕೊ. ಹಾಕು.”

ಪಕ್ಕದಲ್ಲಿ ನಿರೀಕ್ಷಾಳ ಕುರ್ಚಿ ಕಿರ್ರೆಂದಿತು. ಅವಳು ಏಳುತ್ತಿದ್ದಾಳೆಂದು ಯಶ್ಮಿತಾಳಿಗೆ ತಿಳಿಯಿತು. ಟೇಬಲ್ಲಿನ ಅಡಿಯಲ್ಲಿ ಕಾಲು ಚಾಚಿ ಅವಳ ಪಾದವನ್ನು ಬಲವಾಗಿ ತುಳಿದಳು. ಕುರ್ಚಿ ಸುಮ್ಮನಾಯಿತು.

ಯಶ್ಮಿತಾ ಎರಡನೇ ಧ್ವನಿಯ ಮುಂದೆಯೂ ‘ಯಶ್ಮಿತಾ’ ಎಂದು ಬರೆದಳು. ಎರಡು ಸಲ ತಪ್ಪಾಯಿತು. ಅಳಿಸಿ ಸರಿಯಾಗಿ ಬರೆದಳು. *ಯಶ್ಮಿತಾ: ನಾನು ಬಸುರಿ.*

ಸುಜಿತ್ ಒಂದು ಗಳಿಗೆ ಪರದೆಯನ್ನೇ ನೋಡಿದ. ಆಮೇಲೆ ನಕ್ಕ.

“ಓಹೋ! ನೀನಾ? ಮದುವೆ ಇಲ್ಲ, ಮಣ್ಣಿಲ್ಲ. ಯಾವ ನಾಯಿಯದ್ದು ರಂಡೆ ಅದು?”

ಹಿಂದಿನ ಸಾಲಿನಲ್ಲಿ ಯಾರೋ ಉಸಿರೆಳೆದುಕೊಂಡರು. ಒಂದು ಕೆಮ್ಮೂ ಬಿಡಬಾರದೆಂದು ಸುಜಿತನೇ ಹೇಳಿದ್ದ. ಯಶ್ಮಿತಾ ಹೊಸ ಸಾಲಿಗೆ ಹೋಗಿ ಬರೆದಳು. *ಸುಜಿತ್: ಓಹೋ! ನೀನಾ? ಮದುವೆ ಇಲ್ಲ, ಮಣ್ಣಿಲ್ಲ. ಯಾವ ನಾಯಿಯದ್ದು ರಂಡೆ ಅದು?*

“ಏಯ್. ಎಂತ ಬರೆಯುದು ನೀನು?”

*ಸುಜಿತ್: ಏಯ್. ಎಂತ ಬರೆಯುದು ನೀನು?*

“ಅಳಿಸು ಅದನ್ನು. ಅಳಿಸ್ತೀಯಾ ಕೈ ಮುರೀಬೇಕಾ ನಿನ್ನದು?”

*ಸುಜಿತ್: ಅಳಿಸು ಅದನ್ನು. ಅಳಿಸ್ತೀಯಾ ಕೈ ಮುರೀಬೇಕಾ ನಿನ್ನದು?*

ಬರೆದದ್ದೆಲ್ಲ ಆ ಕ್ಷಣವೇ ಸಂಚಿತಾಳಿಗೆ ತಲುಪುತ್ತದೆಂದು ಅವನಿಗೆ ನೆನಪಾದದ್ದು ಆಗ. ಟೇಬಲ್ಲಿನ ಹಿಂದೆ ಕೈ ಹಾಕಿ ವೈರುಗಳನ್ನೆಲ್ಲ ಒಟ್ಟಿಗೆ ಕಿತ್ತ. ಪರದೆ ಕಪ್ಪಾಯಿತು. ಅವಳ ಜಡೆ ಹಿಡಿದು ಎಬ್ಬಿಸಿ ಮೆಟ್ಟಿಲಿನ ತನಕ ಎಳೆದೊಯ್ದ. ಚೀಲವನ್ನು ಹಿಂದಿನಿಂದ ಎಸೆದ. ಊಟದ ಡಬ್ಬಿ ಬಿಚ್ಚಿಕೊಂಡು ಗಂಜಿ ಮೆಟ್ಟಿಲ ಮೇಲೆಲ್ಲ ಚೆಲ್ಲಿತು.

ಅವಳು ಮನೆ ಮುಟ್ಟುವ ಮೊದಲೇ ಸುಜಿತ್ ದೇಯಿಗೆ ಫೋನ್ ಮಾಡಿದ್ದ. “ನಿಮ್ಮ ಮಗಳಿಗೆ ಹೊಟ್ಟೆ ಆಗಿದೆ. ಅವಳೇ ಬರೆದು ಕೊಟ್ಟಿದ್ದಾಳೆ.”

ದೇಯಿ ಬೈಯಲಿಲ್ಲ, ಹೊಡೆಯಲಿಲ್ಲ. ಅವಳ ಕಣ್ಣು ಮಾತ್ರ ಮಗಳ ಹೊಟ್ಟೆ ಬಿಟ್ಟು ಬೇರೆಡೆ ಹೋಗಲಿಲ್ಲ.

“ನನ್ನದಲ್ಲ ಅಮ್ಮ.”

“ಮತ್ತೆ ಯಾರದ್ದು?”

ಅಮ್ಮನಿಗೆ ಹೇಳಿದರೆ ಬಾವಿಕಟ್ಟೆಗೆ ಹೇಳಿದ ಹಾಗೆ.

“ಹೇಳ್ಲಿಕ್ಕೆ ಆಗುದಿಲ್ಲ.”

“ಹಾಗಾದ್ರೆ ನಿನ್ನದೇ,” ಎಂದು ದೇಯಿ ಗೋಡೆಯ ಕಡೆ ತಿರುಗಿ ಕೂತಳು.

ಮರುದಿನ ಮಧ್ಯಾಹ್ನ ಸಂಚಿತಾಳ ಫೋನ್ ಬಂತು. ಅವಳ ದನಿ ಅತ್ತು ಅತ್ತು ಕಟ್ಟಿತ್ತು. “ನೀನು ಬರೆದದ್ದೆಲ್ಲ ಓದಿದೆ ಯಶ್ಮಿತಾ. ನನಗೆ ಗೊತ್ತೇ ಆಗ್ಲಿಲ್ಲ ಹೀಗೆ ಆಗ್ತದೆ ಅಂತ. ಸಾರಿ. ನೀನು ಹೆದರ್ಬೇಡ, ಹೆಸರೆಲ್ಲ ತೆಗೀತೇನೆ. ನಮಗೆ ರೂಲ್ ಉಂಟು. ನಿನ್ನದೂ ತೆಗೀತೇನೆ, ಸುಜಿತ್ ಬಾವನದ್ದೂ. ‘ಒಬ್ಬಳು ಕೆಲಸಗಾರ್ತಿ, ಒಬ್ಬ ಮ್ಯಾನೇಜರ್’ ಅಂತ ಮಾತ್ರ ಬರ್ತದೆ.”

“ನನ್ನದು ಇರ್ಲಿ ಅಕ್ಕ. ಅವರದ್ದೂ ಇರ್ಲಿ.”

“ಹಾಗೆ ಮಾಡ್ಲಿಕ್ಕೆ ಆಗುದಿಲ್ಲ ಮಾರಾಯ್ತಿ. ನಿನಗೇ ತೊಂದರೆ.”

ಯಶ್ಮಿತಾಳಿಗೆ ಇನ್ನೊಂದು ಕೇಳಬೇಕಿತ್ತು. ಕೇಳಲು ಹೆದರಿಕೆಯಾಗುತ್ತಿತ್ತು. “ಎರಡನೆಯವಳು ಯಾರು ಅಂತ ನಿಮ್ಮಪ್ಪ ನಿಮ್ಮ ಹತ್ರ ಕೇಳಿದ್ರಾ?”

“ಕೇಳಿದ್ರು.”

“ಎಂತ ಹೇಳಿದ್ರಿ?”

“ಅಪ್ಪ ಅಲ್ವಾ ಮಾರಾಯ್ತಿ… ಸುಳ್ಳು ಹೇಳ್ಲಿಕ್ಕೆ ಆಗ್ಲಿಲ್ಲ.”

ಓಣಿಯ ತಿರುವಿನಲ್ಲಿ ಕಾರಿನ ಹಾರ್ನ್ ಕೇಳಿತು. ದೇಯಿ ಎದ್ದು ಕಿಟಕಿಯಿಂದ ಇಣುಕಿದವಳು ಸೆರಗು ಸರಿಮಾಡಿಕೊಂಡಳು. “ಅಯ್ಯೋ, ಧಣಿ ಬಂದ್ರು. ಸುಜಿತನೂ ಇದ್ದಾನೆ. ಕಾಲಿಗೆ ಬೀಳು ಮಗಾ, ತಪ್ಪಾಯ್ತು ಹೇಳು.”

ಯಶ್ಮಿತಾ ಫೋನನ್ನು ಬಾಯಿಯ ಹತ್ತಿರ ಹಿಡಿದಳು. “ಅಕ್ಕ, ಫೋನ್ ಕಟ್ ಮಾಡ್ಬೇಡಿ. ರೆಕಾರ್ಡ್ ಹಾಕಿ.” ಸ್ಪೀಕರ್ ಒತ್ತಿ, ಹೊರಗೆ ಬಂದು ಫೋನನ್ನು ಜಗಲಿಯ ದಂಡೆಯ ಮೇಲಿಟ್ಟು, ಕಂಬ ಹಿಡಿದು ನಿಂತಳು.

ಗುಣಪಾಲ ಬೂಟು ತೆಗೆಯದೆ ಜಗಲಿ ಹತ್ತಿದರು. ಹಿಂದೆ ಸುಜಿತ್. ದೇಯಿ ತಂದಿಟ್ಟ ಕುರ್ಚಿಯಲ್ಲಿ ಧಣಿ ಕೂರಲಿಲ್ಲ. ಮೆಲ್ಲಗಿನ ದನಿಯಲ್ಲಿ, ಹತ್ತಿರದವರಿಗೂ ಅರ್ಧವೇ ಕೇಳುವ ಹಾಗೆ ಶುರುಮಾಡಿದರು: “ನೋಡು ಹುಡುಗಿ, ಈ ಊರಲ್ಲಿ ನೀನೂ ನಿನ್ನಮ್ಮನೂ ತಲೆ ಎತ್ತಿ ತಿರುಗ್ಬೇಕಾದ್ರೆ…”

ಯಶ್ಮಿತಾ ದಂಡೆಯ ಮೇಲಿನ ಫೋನನ್ನು ಅವರ ಕಡೆಗೆ ತುಸು ಸರಿಸಿದಳು.

“ಸ್ವಲ್ಪ ಜೋರಾಗಿ ಹೇಳಿ ಧಣಿ,” ಎಂದಳು. “ನಿಮ್ಮ ಮಗಳಿಗೆ ಕೇಳ್ಬೇಕು.”