ಪೂಜೆಗೆ ಬಂದ್ ಮಾಡಿದ ಸರ್ವರ್

ಭದ್ರಾವತಿ ಶಾಖೆಯ ಸರ್ವರ್ ವರ್ಷದಲ್ಲಿ ಒಂದೇ ಸಲ ಬಂದ್ ಆಗುತ್ತದೆ, ಆಯುಧಪೂಜೆಯ ದಿನ. ಕವನಳಿಗೆ ಅದು ಗೊತ್ತಿರಲಿಲ್ಲ ಎಂದಲ್ಲ. ಹೋದ ವರ್ಷ ಅದಕ್ಕೆ ವಿಭೂತಿ ಬಳಿದವಳು ಅವಳೇ. ನೆನಪಾಗಲಿಲ್ಲ, ಅಷ್ಟೇ.

ಶಿವಮೊಗ್ಗದ ಒಂದು ಖಾಸಗಿ ರಕ್ತಪರೀಕ್ಷಾ ಲ್ಯಾಬಿನಲ್ಲಿ ಅವಳದು ಮೂರು ವರ್ಷದಿಂದ ಕಂಪ್ಯೂಟರ್ ನೋಡಿಕೊಳ್ಳುವ ಗುತ್ತಿಗೆ ಕೆಲಸ. ರೋಗಿಗಳ ರಿಪೋರ್ಟುಗಳು ಹೊರಗಿನವರ ಕಣ್ಣಿಗೆ ಬೀಳದಂತೆ ಭದ್ರಾವತಿ ಶಾಖೆಗೆ ಹೋಗುತ್ತಿದ್ದದ್ದು ಎರಡು ಲಿನಕ್ಸ್ ಸರ್ವರ್‌ಗಳ ನಡುವಿನ ವಿಪಿಎನ್ ಎಂಬ ಗುಪ್ತ ಸಂಪರ್ಕದ ಮೂಲಕ. ಅದು ತೆವಳುತ್ತಿತ್ತು.

"ಯಾವುದು ಒಳ್ಳೇದು ನೋಡಿ ಹಾಕಮ್ಮ. ಸರಿಹೋದ್ರೆ ದೀಪಾವಳಿಗೆ ನಿನ್ನ ಕಾಯಂ ಮಾಡ್ತೀನಿ," ಎಂದಿದ್ದರು ಮಾಲೀಕ ಷಡಕ್ಷರಪ್ಪ.

ಮೂರು ವಾರ ಅವಳು ಮೂರು ಬಗೆಯ ವಿಪಿಎನ್ ತೂಗಿ ನೋಡಿದಳು. ಐಪಿಸೆಕ್ ಗಟ್ಟಿ, ಆದರೆ ಹೊಂದಿಸುವುದು ಮುಗಿಯದ ರಗಳೆ. ಮೊದಲಿಂದ ಇದ್ದ ಓಪನ್‌ವಿಪಿಎನ್ ಎಂಥ ಹಾಳು ಲೈನಿನಲ್ಲೂ ನುಸುಳುತ್ತದೆ, ಆದರೆ ನಿಧಾನ. ವೈರ್‌ಗಾರ್ಡ್ ಹತ್ತಾರು ಸಾಲಿನಲ್ಲಿ ಮುಗಿಯುತ್ತದೆ, ಓಡುತ್ತದೆ. ಕಾರಣಗಳನ್ನು ಷಡಕ್ಷರಪ್ಪನವರಿಗೆ ಬರೆದುಕೊಟ್ಟು ಅದನ್ನೇ ಹಾಕಿದಳು. ಹತ್ತು ದಿನ ಒಂದು ಸಲವೂ ಕಡಿಯಲಿಲ್ಲ. ಆ ಧೈರ್ಯದಲ್ಲಿ ಹಳೆಯದನ್ನು ತೆಗೆದೇಬಿಟ್ಟಳು.

ವಿಜಯದಶಮಿಯ ಮರುದಿನ ಬೆಳಿಗ್ಗೆ ಶಾಖೆ ನೋಡಿಕೊಳ್ಳುವ ದಾಕ್ಷಾಯಣಮ್ಮ ಫೋನ್ ಮಾಡಿದರು.

"ಏನು ಮಾರಾಯ್ತಿ, ಒಂದು ರಿಪೋರ್ಟೂ ಬರ್ತಿಲ್ಲ. ಇಲ್ಲಿ ಶುಗರ್‌ನೋರು ನನ್ನೇ ತಿನ್ನೋ ಹಾಗಿದಾರೆ."

"ಸರ್ವರ್ ಆಫ್ ಮಾಡಿದ್ರಾ ಅಕ್ಕ?"

"ಪೂಜೆಗೆ ಮಾಡದೆ? ಒರೆಸಿ, ಹೂವಿಟ್ಟು, ಇವತ್ತು ಆನ್ ಮಾಡ್ದೆ."

"ನಾನು ಹೇಳಿದ್ದು ಟೈಪ್ ಮಾಡ್ತೀರಾ?"

"ಆ ಕಪ್ಪು ಪರದೇಲಾ? ಬೇಡಪ್ಪ. ನೀನೇ ಬಾ."

ಬಸ್ಸಿನಲ್ಲಿ ಕೂತಾಗ ತಪ್ಪು ಹೊಳೆಯಿತು. ಪರೀಕ್ಷೆಯ ದಿನ ವೈರ್‌ಗಾರ್ಡನ್ನು ಕೈಯಿಂದ ಎಬ್ಬಿಸಿದ್ದಳು. ಯಂತ್ರ ಶುರುವಾದಾಗ ತಾನಾಗಿ ಏಳು ಎಂದು ಅದಕ್ಕೆ ಹೇಳಿಯೇ ಇರಲಿಲ್ಲ. ಒಂದೇ ಸಾಲಿನ ಕೆಲಸ. ಹಳೆಯದು ಇದ್ದಿದ್ದರೆ ಅದರಲ್ಲೇ ಒಳಹೊಕ್ಕು ಶಿವಮೊಗ್ಗದಲ್ಲಿ ಕೂತಲ್ಲಿಂದಲೇ ಸರಿಮಾಡಬಹುದಿತ್ತು.

ಶಾಖೆಯಲ್ಲಿ ನಲವತ್ತು ಜನ ನಿಂತಿದ್ದರು. ಕವನ ಸರ್ವರ್ ಮುಂದೆ ಕೂತು ಆ ಒಂದು ಸಾಲು ಟೈಪ್ ಮಾಡಿದಳು. ರಿಪೋರ್ಟುಗಳು ಬಡಬಡ ಬಂದವು. ಅಷ್ಟರಲ್ಲಿ ಷಡಕ್ಷರಪ್ಪನವರ ಫೋನ್.

"ಹಳೇದನ್ನೇ ಹಾಕಿಬಿಡಮ್ಮ."

"ಸರ್, ಈಗ ಸರಿಯಾಗಿದೆ. ಇನ್ಮೇಲೆ ಹೀಗಾಗಲ್ಲ. ನಾನು ಬರೆದುಕೊಟ್ಟಿದ್ದು ಓದಿ ನೋಡಿ..."

"ಐದು ವರ್ಷ ಪೂಜೆ ಮಾಡಿದೀವಿ, ಒಂದು ದಿನಾನೂ ನಿಂತಿರಲಿಲ್ಲ. ಓದೋದೇನಿದೆ? ಮುಂದಿನ ತಿಂಗಳಿಂದ ಬೆಂಗಳೂರಿನ ಕಂಪನಿಯೋರು ನೋಡ್ಕೋತಾರೆ. ಮಾತಾಡಿ ಆಯ್ತು."

"ನಾನು ಸರ್?"

"ತಿಂಗಳು ಮುಗಿಸಮ್ಮ."

ಅವಳು ವೈರ್‌ಗಾರ್ಡ್ ಕಿತ್ತು ಓಪನ್‌ವಿಪಿಎನ್ ಹಾಕಿದಳು. ಈ ಸಲ ತಾನಾಗಿ ಏಳುವಂತೆ ಮಾಡಿದಳು. ಯಂತ್ರವನ್ನು ಎರಡು ಸಲ ಆರಿಸಿ ಹೊತ್ತಿಸಿ ನೋಡಿದಳು. ರಿಪೋರ್ಟುಗಳು ಒಂದೊಂದಾಗಿ, ತಡೆದು ತಡೆದು ಬರತೊಡಗಿದವು.

"ಈಗ ನೋಡು, ಸರಿಹೋಯ್ತು," ಎಂದರು ದಾಕ್ಷಾಯಣಮ್ಮ. "ಟೀ ತರಿಸ್ಲಾ?"

ಕವನ ಬೇಡ ಎಂದಳು.