ಒಟ್ಟಿ ಅಜ್ಜಿಯ ಸೂಜಿ

"ಚಪ್ಪಾಳೆ ಹೊಡೆಸ್ಕೊಂಡ್ಯಲ್ಲೋ ಪುಣ್ಯಾತ್ಮ! ಚಪ್ಪಾಳೆ!" ಎಂದು ಬೀಸ್ಲಿ ಹಣೆ ಚಚ್ಚಿಕೊಂಡ. ಪೈಲ್ವಾನರ ಕೋಣೆಯಲ್ಲಿ ಬೂಟಿನ ದಾರ ಬಿಗಿಯುತ್ತಿದ್ದ ಡೂಲಿ ತಲೆ ಎತ್ತಲಿಲ್ಲ.

"ಹೋದ ಸೋಮವಾರ ಒಟ್ಟಿ ಅಜ್ಜಿ ಸೆಕೆಗೆ ತಲೆ ತಿರುಗಿ ಬಿದ್ದಿದ್ಲು ಸಾರ್. ದಾಟ್ಕೊಂಡು ಹೋಗ್ಲಾ?"

"ದಾಟ್ಕೊಂಡೇ ಹೋಗ್ಬೇಕಿತ್ತು. ನೀನು ಮಗು ಥರ ಎತ್ಕೊಂಡು ಬಾಗಿಲ ತನಕ ಬಿಟ್ಟು ಬಂದೆ. ಜನ ಬರೋದು ನಿನಗೆ ಉಗಿಯೋದಕ್ಕೆ ಕಣಯ್ಯ. ಇವತ್ತೂ ಚಪ್ಪಾಳೆ ಬಿತ್ತೋ, ಮುಂದಿನ ಸೋಮವಾರ ನಿನ್ನ ಜಾಗಕ್ಕೆ ಬೇರೆಯವನು. ಆಮೇಲೆ ಅಳಬೇಡ."

ಅಮೆರಿಕದ ಟೆನೆಸಿಯ ಆ ಸುತ್ತಿನ ಊರುಗಳಲ್ಲೆಲ್ಲ ಸೋಮವಾರದ ಕುಸ್ತಿ ನಡೆಸುವವನು ಬೀಸ್ಲಿಯೇ. ಯಾರು ಗೆಲ್ಲಬೇಕು, ಯಾರು ಮಣ್ಣು ಮುಕ್ಕಬೇಕು ಎಂಬುದು ಇದೇ ಕೋಣೆಯಲ್ಲಿ ಮೊದಲೇ ತೀರ್ಮಾನವಾಗುತ್ತಿತ್ತು. ಜನರ ಸಿಟ್ಟೊಂದೇ ಅಲ್ಲಿ ನಿಜ. ಖಳ ಪೈಲ್ವಾನನಾಗಿ ಆ ಸಿಟ್ಟನ್ನು ಕೆರಳಿಸುವುದು ಡೂಲಿಯ ಕಸುಬು. ಕಣ್ಣಿಗೆ ಉಪ್ಪು ಎರಚುವುದು, ಬೆನ್ನ ಹಿಂದಿನಿಂದ ಹೊಡೆಯುವುದು, ಊರಿನ ಹೆಂಗಸರನ್ನು ಹೀಯಾಳಿಸುವುದು. ಅದಕ್ಕಾಗಿ ಎರಡು ಸಲ ಅವನ ಕಾರಿಗೆ ಬೆಂಕಿ ಬಿದ್ದಿತ್ತು. ವಯಸ್ಸು ನಲವತ್ತಾರು, ಮಂಡಿ ಎರಡೂ ಹೋಗಿವೆ. ಬೇರೆ ಕೆಲಸ ಬರುವುದಿಲ್ಲ.

ಅವನಿಗೆ ಸಿಕ್ಕ ದೊಡ್ಡ ಬಹುಮಾನವೆಂದರೆ ಒಟ್ಟಿ ಅಜ್ಜಿಯ ಸೂಜಿ. ಮೊದಲ ಸಾಲಿನ ಕೊನೆಯ ಕುರ್ಚಿ ಅವಳದು. ಬೇರೆ ಯಾರೂ ಕೂರದಿರಲೆಂದು ಹೂವಿನ ದಿಂಬೊಂದನ್ನು ಅದಕ್ಕೆ ಕಟ್ಟಿಯೇ ಬಿಟ್ಟಿದ್ದಳು. ಡೂಲಿ ಪಕ್ಕದಲ್ಲಿ ಹಾದುಹೋಗುವಾಗ ಟೋಪಿಯ ಉದ್ದ ಸೂಜಿಯನ್ನು ಎಳೆದು ಅವನ ಎಡ ತೊಡೆಗೆ ಚುಚ್ಚುವಳು. ಒಂಬತ್ತು ವರ್ಷದಿಂದ ತಪ್ಪಿಸಿದವಳಲ್ಲ. ಮನೆಯಲ್ಲಿ ಹೆಂಡತಿ ನೆಲ್ಡಾ ಅಯೋಡಿನ್ ಹಚ್ಚುತ್ತ, "ಈ ಮುದುಕಿಗೆ ಬೇರೆ ಕೆಲಸ ಇಲ್ವೇನ್ರೀ?" ಎಂದರೆ, "ಅವಳು ಚುಚ್ಚೋವರೆಗೂ ನಮ್ಮ ಒಲೆ ಉರಿಯುತ್ತೆ ಕಣೇ" ಎಂದು ನಗುತ್ತಿದ್ದ.

ಆ ಸಂಜೆ ಅವನು ತೊಡೆ ಬಿಗಿಹಿಡಿದು ಕುಸ್ತಿಯ ರಿಂಗ್ ಕಡೆ ಹೊರಟ. ಒಟ್ಟಿ ಅಜ್ಜಿ ಎದ್ದು ನಿಂತಳು. ಕೈಯಲ್ಲಿ ಸೂಜಿಯಿಲ್ಲ, ಬಟ್ಟೆ ಮುಚ್ಚಿದ ತಟ್ಟೆ.

"ಗೆಣಸಿನ ಪೈ ಕಣಪ್ಪ. ನಿನಗೇ ಅಂತ ಬೆಳಿಗ್ಗೆಯಿಂದ ಕೂತು ಮಾಡ್ದೆ. ನನ್ನ ಮಕ್ಕಳೂ ನನ್ನನ್ನ ಹಾಗೆ ಎತ್ಕೊಂಡಿಲ್ಲ" ಎಂದಳು.

ಸಭಾಂಗಣದ ಹಿಂದಿನಿಂದ ಯಾರೋ "ಭೇಷ್ ಡೂಲಿ!" ಎಂದ. ಒಂದೆರಡು ಕೈಗಳು ಚಪ್ಪಾಳೆಗೆ ಎದ್ದವು. ತಟ್ಟೆಯಿಂದ ಜಾಯಿಕಾಯಿಯ ಪರಿಮಳ ಬಂತು. ಡೂಲಿಗೆ ಅಳು ಒತ್ತರಿಸಿ ಬಂತು, ಅದರ ಹಿಂದೆಯೇ ಭಯ. ಬಾಗಿಲಲ್ಲಿ ಬೀಸ್ಲಿ ಕಣ್ಣು ಮಿಟುಕಿಸದೆ ನೋಡುತ್ತಿದ್ದ.

ಡೂಲಿ ತಟ್ಟೆ ತೆಗೆದುಕೊಂಡ. ಮೂಸಿ ನೋಡಿದ. "ಹಂದಿಗೆ ಹಾಕೋದನ್ನ ನನಗೆ ತಂದಿದೀಯಾ?" ಎಂದು ಕೂಗಿ, ಅವಳ ಕಾಲ ಬಳಿಯೇ ನೆಲಕ್ಕೆ ಅಪ್ಪಳಿಸಿ, ಬೂಟಿನಲ್ಲಿ ಹೊಸಕಿದ.

ಅಯ್ಯೋ, ಆಗಿನ ಗಲಾಟೆ! ಕುರ್ಚಿಗಳು ಹಾರಿದವು, ಬಾಟಲಿಗಳು ಒಡೆದವು. ಪೊಲೀಸರು ಜನರನ್ನು ನೂಕಿಕೊಂಡೇ ಅವನನ್ನು ರಿಂಗ್‌ಗೆ ಹತ್ತಿಸಿದರು. ಊರಿನ ಮುದ್ದಿನ ಹುಡುಗ ಲಮಾರ್ ಅವನನ್ನು ಹೊಡೆದು ಕೆಡವಿದಾಗ ಛಾವಣಿ ಕಿತ್ತುಹೋಗುವಂಥ ಕೇಕೆ. ಅಂಥ ಸಿಟ್ಟನ್ನು ಡೂಲಿ ಇಪ್ಪತ್ತು ವರ್ಷದಲ್ಲಿ ಕಂಡಿರಲಿಲ್ಲ. ಕೆಲಸ ಉಳಿಯಿತು.

ವಾಪಸು ಬರುವಾಗ ಒಟ್ಟಿ ಅಜ್ಜಿ ಬಗ್ಗಿ ಪೈ ಚೂರುಗಳನ್ನು ಕರವಸ್ತ್ರಕ್ಕೆ ಎತ್ತಿಕೊಳ್ಳುತ್ತಿದ್ದಳು. ಡೂಲಿ ಬೇಕೆಂದೇ ನಿಂತ. ಎಡಗಾಲನ್ನು ಅವಳ ಹತ್ತಿರಕ್ಕೆ ಸರಿಸಿದ.

"ಏನ್ ಮುದುಕಿ, ಸೂಜಿ ಮನೇಲಿ ಮರೆತು ಬಂದ್ಯಾ?"

ಅವಳು ಸೊಂಟ ಹಿಡಿದುಕೊಂಡು ಎದ್ದಳು. ಕೈ ಟೋಪಿಗೆ ಹೋಯಿತು. ಸೂಜಿ ಹೊರಬಂತು. ಡೂಲಿಗೆ ಜೀವ ಬಂದಂತಾಯಿತು. ಚುಚ್ಚು ಅಜ್ಜಿ, ಜೋರಾಗಿ ಚುಚ್ಚು ಎಂದು ಮನಸ್ಸಿನಲ್ಲೇ ಬೇಡಿಕೊಂಡು ಕಣ್ಣು ಮುಚ್ಚಿದ.

ಏನೂ ಆಗಲಿಲ್ಲ. ಕಣ್ಣು ಬಿಟ್ಟಾಗ ಅವಳು ವಾಲಿದ್ದ ಟೋಪಿಯನ್ನು ನೇರ ಮಾಡಿಕೊಂಡು ಸೂಜಿಯನ್ನು ಅದಕ್ಕೇ ಸಿಕ್ಕಿಸಿಕೊಳ್ಳುತ್ತಿದ್ದಳು. ಆಮೇಲೆ ಕುರ್ಚಿಯ ಕಡೆ ತಿರುಗಿ ದಿಂಬಿನ ಗಂಟು ಬಿಚ್ಚತೊಡಗಿದಳು. ಒಂಬತ್ತು ವರ್ಷದ ಗಂಟು, ಬೇಗ ಬಿಚ್ಚಿಕೊಳ್ಳಲಿಲ್ಲ. "ನಡೀರಿ, ನಡೀರಿ" ಎಂದು ಪೊಲೀಸಿನವನು ತಳ್ಳುತ್ತಿದ್ದರೂ ಡೂಲಿ ಕಾಲು ಮುಂದಿಟ್ಟುಕೊಂಡೇ ನಿಂತಿದ್ದ. ಅವಳು ದಿಂಬನ್ನು ಕಂಕುಳಲ್ಲಿ ಇಟ್ಟುಕೊಂಡು, ಅವನನ್ನು ಸುತ್ತಿ ಬಳಸಿ, ಬಾಗಿಲ ಕಡೆ ನಡೆದಳು.